ಲೈಬ್ರರಿಯ ಪಾಸ್‌ವರ್ಡ್

ಚಿಕ್ಕತಾಯಮ್ಮ ಊರಿನ ಲೈಬ್ರರಿಯಲ್ಲಿ ಗ್ರಂಥ... ಹಾಂ, ಗ್ರಂಥಪಾಲಕಿ.

ತಪಾಸಣೆಗೆ ಬಂದ ಸಾಹೇಬರು ಕಿಡಿಕಿಡಿಯಾದರು. "ಹುಡುಗರೆಲ್ಲ ಮೊಬೈಲ್ ಹಿಡಿದಿದ್ದಾರೆ! ಇಲ್ಲಿ ಯಾರೂ ಓದಲ್ಲ ಅಂತ ಈಗಲೇ ವರದಿ ಕಳಿಸಿ ಬೀಗ ಹಾಕಿಸ್ತೀನಿ. ನನ್ನ ಫೋನಿಗೆ ಸಿಗ್ನಲ್ಲಿಲ್ಲ, ವೈಫೈ ಪಾಸ್‌ವರ್ಡ್ ಹೇಳಮ್ಮ."

ಚಿಕ್ಕತಾಯಮ್ಮ ಒಂದು ಪತ್ತೇದಾರಿ ಕಾದಂಬರಿ ಕೊಟ್ಟಳು. "ಇದರಲ್ಲಿ ಕೊಲೆ ಮಾಡಿದವರು ಯಾರೋ ಅದೇ ಪಾಸ್‌ವರ್ಡ್ ಸಾರ್. ವಾರಕ್ಕೊಂದು ಪುಸ್ತಕ. ಹುಡುಗರೂ ಓದಿಯೇ ಪಡೆದದ್ದು."

ಸಾಹೇಬರು ಸರಕ್ಕನೆ ಕೊನೆಗೆ ತಿರುವಿದರು. ಲೈಬ್ರರಿ ಪುಸ್ತಕವಲ್ಲವೆ, ಕೊನೆಯ ಹಾಳೆ ಯಾರೋ ಹರಿದಿದ್ದರು. ಗಡಿಯಾರ ನೋಡಿದರು, ಶತಪಥ ತಿರುಗಿದರು, ಹತ್ತು ಪುಟ ಓದಿ "ಅಡುಗೆಯವನು" ಎಂದು ಒತ್ತಿದರು. ಆಗಲಿಲ್ಲ.

ಪಕ್ಕದ ಹುಡುಗಿ ನಕ್ಕಳು. "ಎಲ್ಲರೂ ಮೊದಲು ಅವನನ್ನೇ ಹಿಡಿಯೋದು ಸಾರ್."

ಸಂಜೆ ಸಾಹೇಬರು ಪುಸ್ತಕದಿಂದ ತಲೆಯೆತ್ತಿ ಕೂಗಿದರು, "ಡಾಕ್ಟರು! ಕೊಂದದ್ದು ಡಾಕ್ಟರು!" ವೈಫೈ ಬಂತು.

"ಈಗ ಕಳಿಸಿ ಸಾರ್, ಇಲ್ಲಿ ಯಾರೂ ಓದಲ್ಲ ಅಂತ," ಎಂದಳು ಚಿಕ್ಕತಾಯಮ್ಮ.

ಸಾಹೇಬರು ವರದಿ ಅಳಿಸಿದರು. "ಅದಿರಲಿ, ಮುಂದಿನ ವಾರದ್ದು ಯಾವ ಪುಸ್ತಕ?"