ಕಮ್ಮಾರನ ಕಾಯಿ ಹೊಡೆದವನು

“ಗುರುಗಳೇ, ವಾಸಿಯಾಗದ ಕಾಯಿಲೆ ಬಂದವನ ಹಾಸಿಗೆಯ ಬಳಿ ಕೂತವನು ಏನು ಮಾಡಬೇಕು? ಔಷಧ ಕೊಡಲು ವೈದ್ಯನಿದ್ದಾನೆ, ಗಂಜಿ ಕೊಡಲು ಮನೆಯವರಿದ್ದಾರೆ. ನನ್ನಂಥವನು ಕೊಡುವುದಾದರೂ ಏನನ್ನು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಕುಲುಮೆಯಲ್ಲಿ ಅವನ ಸುತ್ತಿಗೆ ಎಷ್ಟು ಸದ್ದು ಮಾಡುತ್ತಿತ್ತೋ, ಚೌಕಾಬಾರ ಆಡಲು ಕೂತಾಗ ಅವನ ಬಾಯಿ ಅದಕ್ಕಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಸುತ್ತ ಏಳೂರಲ್ಲಿ ತನ್ನ ಕಾಯಿ ಹೊಡೆಯುವ ಗಂಡು ಹುಟ್ಟಿಲ್ಲ, ಹುಟ್ಟಿದ್ದರೂ ಅವನಿಗೆ ಕವಡೆ ಹಿಡಿಯಲು ಬರುವುದಿಲ್ಲ ಎನ್ನುತ್ತಿದ್ದ. ಸೋತವರನ್ನು ಅವರ ಮನೆ ಬಾಗಿಲವರೆಗೂ ರೇಗಿಸಿಕೊಂಡು ಹೋಗುತ್ತಿದ್ದ. ಜನ ಬೈದುಕೊಳ್ಳುತ್ತಿದ್ದರು, ಮರುದಿನ ಮತ್ತೆ ಬಂದು ಕೂರುತ್ತಿದ್ದರು.

ಅವನ ಎದೆಗೆ ಕಾಯಿಲೆ ಹೊಕ್ಕಿತು. ವೈದ್ಯ ನಾಡಿ ನೋಡಿ, ನೋವು ತಗ್ಗಿಸಬಲ್ಲೆ, ರೋಗ ಕೀಳಲಾರೆ ಎಂದ. ಕುಲುಮೆ ಆರಿತು. ಆದರೂ ಕಮ್ಮಾರ ಕುಗ್ಗಲಿಲ್ಲ. ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಸುಣ್ಣದಲ್ಲಿ ಆಟದ ಮನೆ ಬರೆಸಿ, ನೋಡಲು ಬಂದವರನ್ನೆಲ್ಲ ಆಟಕ್ಕೆ ಎಳೆದ.

ಹೆಂಡತಿ ಬಂದವರನ್ನು ಬಾಗಿಲಲ್ಲೇ ತಡೆದು, ಯಜಮಾನರ ಕಾಯಿ ಹೊಡೆಯಬೇಡಿ, ಇರುವಷ್ಟು ದಿನ ಗೆದ್ದುಕೊಂಡಿರಲಿ ಎಂದು ಕೈ ಮುಗಿಯುತ್ತಿದ್ದಳು. ಎಲ್ಲರೂ ಒಪ್ಪಿದರು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನು ಒಳಸುತ್ತಿಗೆ ಕಾಲಿಡುವಂತಿಲ್ಲ. ಹಾಗಾಗಿ ಬಂದವರ ಕಾಯಿಗಳು ಹೊರಸುತ್ತಿನಲ್ಲೇ ಗಾಣದೆತ್ತಿನ ಹಾಗೆ ತಿರುಗಿದವು. ಕಮ್ಮಾರನ ಕಾಯಿಗಳು ಸಲೀಸಾಗಿ ನಡುಮನೆ ಸೇರಿ ಹಣ್ಣಾದವು.

ಅವನೇನು ದಡ್ಡನಲ್ಲ. ಒಂದು ದಿನ ಮೂರು ಬಿದ್ದರೆ ಅವನ ಕಾಯಿ ಹೋಗುವಂತಿತ್ತು, ಮೂರೇ ಬಿತ್ತು. ಎದುರಿಗಿದ್ದ ರೈತ ಕಾಣದವನಂತೆ ಬೇರೆ ಕಾಯಿ ನಡೆಸಿದ. ಕಮ್ಮಾರ ಅವನ ಮುಖ ನೋಡಿದ. ರೈತ ಕಣ್ಣು ತಪ್ಪಿಸಿದ.

ಅಂದಿನಿಂದ ಕಮ್ಮಾರ ಕವಡೆ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಔಷಧದ ಬಟ್ಟಲನ್ನು ತಳ್ಳಿದ, ಗಂಜಿಯನ್ನೂ ತಳ್ಳಿದ. ಬಾಯಿ ತೆರೆಯದವನಿಗೆ ನನ್ನಲ್ಲಿ ಮದ್ದಿಲ್ಲ ಎಂದು ವೈದ್ಯ ಎದ್ದು ಹೋದ. ಹೆಂಡತಿ ಕಂಗಾಲಾದಳು.

ಆ ಹೊತ್ತಿಗೆ ಅವಳ ತಮ್ಮ ನೋಡಲು ಬಂದ. ಅಕ್ಕನ ಮದುವೆಯ ಬೀಗರೂಟದ ದಿನ ಇದೇ ಭಾವ ಎರಡೂ ಕಡೆಯ ನೆಂಟರ ಮುಂದೆ ಅವನನ್ನು ಸೋಲಿಸಿ, ಹುಡುಗಿಯನ್ನೂ ಕೊಟ್ಟಿರಿ, ಆಟವನ್ನೂ ಕೊಟ್ಟಿರಿ ಎಂದು ನಕ್ಕಿದ್ದ. ಆ ಉರಿ ಮೈದುನನಿಗೆ ಇನ್ನೂ ಆರಿರಲಿಲ್ಲ. ಬಾಗಿಲಲ್ಲಿ ಅಕ್ಕ ಹೇಳಿದ್ದಕ್ಕೆ ತಲೆಯಾಡಿಸಿ ಒಳಗೆ ಬಂದ. ಒಂದೇ ಒಂದಾಟ ಎಂದು ಭಾವನನ್ನು ಕಾಡಿಸಿ ಎಬ್ಬಿಸಿದ. ಕಮ್ಮಾರ ಬೇಸರದಿಂದಲೇ ಕವಡೆ ಹಾಕಿದ.

ಆಟ ನಡೆಯಿತು. ಮೈದುನನಿಗೆ ಎಂಟು ಬೇಕಿತ್ತು, ಎಂಟು ಬಿತ್ತು. ಅಕ್ಕ ಕಣ್ಸನ್ನೆ ಮಾಡಿದಳು. ಅವನಿಗೆ ಅಕ್ಕನ ಮಾತೂ ನೆನಪಿತ್ತು, ಬೀಗರೂಟವೂ ನೆನಪಿತ್ತು. ಕೈ ಮಾತ್ರ ಬೀಗರೂಟದ ಮಾತು ಕೇಳಿತು. ಕಮ್ಮಾರನ ಕಾಯಿ ಹಾರಿ ಹೊಸಿಲ ಹತ್ತಿರ ಬಿತ್ತು.

ಅಕ್ಕ ಬಾಯಿಗೆ ಸೆರಗು ಹಿಡಿದಳು. ಕಮ್ಮಾರ ಕಾಯಿ ಹೋದ ಮನೆಯನ್ನು ನೋಡಿದ, ಮೈದುನನನ್ನು ನೋಡಿದ.

“ಏನೋ, ಹಾಸಿಗೆ ಹಿಡಿದವನು ಅಂತ ಒಂಚೂರೂ ಕರುಣೆ ಇಲ್ವೇನೋ ನಿನಗೆ?”

“ಕರುಣೆ ಬೇಕಾದ್ರೆ ಅಕ್ಕನ್ನ ಕೇಳು ಭಾವ, ಅದಕ್ಕೇ ತಾನೆ ಕೊಟ್ಟಿರೋದು. ಈಗ ಕವಡೆ ಹಾಕು.”

ಕಮ್ಮಾರ ನಕ್ಕ. ಕೆಮ್ಮು ಬಂತು, ಕೆಮ್ಮಿ ಮತ್ತೆ ನಕ್ಕ. ದಿಂಬಿಗೆ ಒರಗಿ ಅಂಗಿಯ ತೋಳು ಮಡಚಿದ. ಮೈದುನನ ಊರಿನ ನೀರು, ಅವನ ಎತ್ತಿನ ನಡಿಗೆ, ಅವನ ಹೊಸ ಮೀಸೆ, ಒಂದನ್ನೂ ಬಿಡದೆ ಆಡಿಕೊಂಡ. ಆಡಿಕೊಳ್ಳುತ್ತಲೇ ಸೋತ. ಸೋತವನೇ ಹೆಂಡತಿಯನ್ನು ಕೂಗಿ, ಈ ನೀರಿನಂಥ ಗಂಜಿ ಸಾಕು, ಮುದ್ದೆ ಮಾಡು, ಇವನ ಸೊಕ್ಕು ಮುರಿಯಲು ರಟ್ಟೆಗೆ ಬಲ ಬೇಕು ಎಂದ. ಔಷಧದ ಬಟ್ಟಲನ್ನು ತಾನೇ ಎಳೆದುಕೊಂಡ. ನಾಳೆ ಇನ್ನೊಂದು ಆಟ ಆಡದೆ ಇವನು ಊರು ಬಿಡಕೂಡದು, ಇವನ ಚಪ್ಪಲಿ ಬಚ್ಚಿಡು ಎಂದೂ ಹೇಳಿದ.

ಅಡುಗೆಮನೆಯಲ್ಲಿ ಅಕ್ಕ ಮುದ್ದೆ ಕೋಲಿನಿಂದ ತಮ್ಮನ ಬೆನ್ನಿಗೆ ಎರಡು ಬಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ಮರುದಿನ ರೈತನೂ ಬಂದ. ಈ ಸಲ ಹೊಡೆಯಲೆಂದೇ ಬಂದ. ಆ ಮನೆಯ ಬೈಗುಳ, ನಗು ಮತ್ತೆ ಬೀದಿಗೆ ಕೇಳಿಸಿತು.

ಗುರುಗಳು ಕತೆ ನಿಲ್ಲಿಸಿದರು. ಕಾಯಿಲೆ ವಾಸಿಯಾಯಿತೇ ಎಂದು ಶಿಷ್ಯ ಕೇಳಿದ. ಇಲ್ಲ, ಸುಗ್ಗಿ ಮುಗಿಯುವ ಹೊತ್ತಿಗೆ ಹೋದ, ಹೋಗುವ ಹಿಂದಿನ ದಿನ ಒಂದಾಟ ಗೆದ್ದು ಮೈದುನನ ಮೀಸೆ ಬೋಳಿಸುತ್ತೇನೆಂದು ಕ್ಷೌರದ ಕತ್ತಿ ಕೇಳಿದ್ದ ಎಂದರು ಗುರುಗಳು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಸಾಯಲಿರುವವನ ಕಾಯಿ ಹೊಡೆಯುವುದು ದಯೆ ಹೇಗಾದೀತು?”

“ಸತ್ತವನ ಕಾಯಿಯನ್ನು ಮಾತ್ರ ಯಾರೂ ಹೊಡೆಯುವುದಿಲ್ಲ, ಮಗು.”