ಈ ನೀರಲ್ಲಿ ಯಾರ ಬಲೆ ಇದೆ?

ಒಂದು ದೊಡ್ಡ ಕೆರೆ ಇತ್ತು. ಈ ದಡದಲ್ಲಿ ನಿಂತರೆ ಆ ದಡದ ಮನುಷ್ಯ ಇರುವೆಯಷ್ಟು ಕಾಣುತ್ತಿದ್ದ, ಅಷ್ಟು ದೊಡ್ಡದು. ಬೇಸಿಗೆ ರಜೆ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಪೆಡಲ್ ದೋಣಿ, ಮೋಟಾರು ದೋಣಿ, ಐಸ್ ಕ್ಯಾಂಡಿ ಗಾಡಿ, ಹಲಸಿನ ತೊಳೆ ಮಾರುವವರು. ನೀರು ನೋಡಲು ಬಂದು ಫೋನು ನೋಡಿಕೊಂಡು ಹೋಗುವ ಜನ. ಮಕ್ಕಳೇ, ಈ ಕಥೆ ನಿಮಗೆ ಹೇಳುತ್ತಿದ್ದೇನೆ. ಪಕ್ಕದಲ್ಲಿ ಕೂತ ದೊಡ್ಡವರು ತಮಗಲ್ಲ ಎಂದು ಕಿವಿ ಮುಚ್ಚಿಕೊಳ್ಳುವುದು ಬೇಡ.

ಆ ಕೆರೆಯನ್ನೇ ನಂಬಿಕೊಂಡು ಹತ್ತು ಹನ್ನೆರಡು ಮೀನುಗಾರರ ಮನೆಗಳಿದ್ದವು. ಬೇಸಿಗೆಯಲ್ಲಿ ನೀರು ಇಳಿದು ಮೀನೆಲ್ಲ ನಡುಗೆರೆಗೆ ಸೇರುತ್ತದೆ. ಹಾಗಾಗಿ ಮೀನು ಹಿಡಿಯುವವರಿಗೂ ಅದೇ ಸುಗ್ಗಿ, ದೋಣಿ ಬಿಡುವವರಿಗೂ ಅದೇ ಸುಗ್ಗಿ. ಒಂದೇ ನೀರು, ಎರಡು ಕಸುಬು. ಜಗಳವಾಗಬಾರದೆಂದು ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಬೆಳಗ್ಗೆ ದೋಣಿ ಹೊರಡುವ ಮೊದಲೇ ಎಲ್ಲರೂ ತಮ್ಮ ಬಲೆ ಎತ್ತಬೇಕು. ಸಂಜೆ ಕೊನೆಯ ದೋಣಿ ದಡ ಮುಟ್ಟಿದ ಮೇಲೆ ಮತ್ತೆ ಬಿಡಬಹುದು. ಹಗಲಲ್ಲಿ ಬಲೆ ಬಿಟ್ಟು ಸಿಕ್ಕಿಬಿದ್ದವನು ಮಳೆ ಬರುವವರೆಗೂ ತೆಪ್ಪ ಇಳಿಸುವ ಹಾಗಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಯಾವ ಕಾರಣಕ್ಕೇ ಆಗಲಿ, ಒಬ್ಬ ನೀರಿನೊಳಗೆ ಮುಳುಗುವ ಮೊದಲು ಅಲ್ಲಿರುವವರಲ್ಲಿ ಹಿರಿಯರು ಎದ್ದು ನಿಂತು ಮೂರು ಸಲ ಕೂಗಿ ಕೇಳಬೇಕು: ಈ ನೀರಲ್ಲಿ ಯಾರ ಬಲೆ ಇದೆ? ಬಲೆ ಇದ್ದವನು ಹೇಳಬೇಕು. ಬಲೆ ಇದೆ ಎಂದು ಗೊತ್ತಾದರೆ ಮುಳುಗುವವನು ಸೊಂಟಕ್ಕೆ ಹಗ್ಗ ಕಟ್ಟಿ, ಚೂರಿ ಹಿಡಿದು ಇಳಿಯುತ್ತಾನೆ. ಯಾರೂ ಮಾತಾಡದಿದ್ದರೆ ಬರಿಗೈಯಲ್ಲಿ ಇಳಿಯುತ್ತಾನೆ. ನೈಲಾನ್ ಬಲೆ ನೀರಿನೊಳಗೆ ಕಣ್ಣಿಗೆ ಕಾಣುವುದಿಲ್ಲ. ಮೀನಿಗೆ ಕಾಣುವುದಿಲ್ಲ, ಮನುಷ್ಯನಿಗೂ ಕಾಣುವುದಿಲ್ಲ.

ಆ ಮೀನುಗಾರರಲ್ಲಿ ಕೆಂಚಪ್ಪ ಅಂತ ಒಬ್ಬನಿದ್ದ. ಕೈಚಳಕದವನು. ಅವನ ಅಕ್ಕ ನಾಗವ್ವ ದೋಣಿಕಟ್ಟೆಯ ಹತ್ತಿರ ಮೀನು ಹುರಿದು ಮಾರುತ್ತಿದ್ದಳು. ಅವಳ ಗಂಡ ಮುದ್ದಯ್ಯ ಆ ಕೆರೆಯಲ್ಲೇ ಎಲ್ಲರಿಗಿಂತ ಹೆಚ್ಚು ಹೊತ್ತು ಉಸಿರು ಕಟ್ಟಿ ಮುಳುಗಬಲ್ಲವನು. ಯಾರ ಕಿವಿಯೋಲೆ ಬಿದ್ದರೂ, ಯಾರ ಕನ್ನಡಕ ಬಿದ್ದರೂ ಮುದ್ದಯ್ಯನಿಗೇ ಕರೆ. ತೆಗೆದುಕೊಟ್ಟು ನಗುತ್ತಿದ್ದನೇ ಹೊರತು ಏನೂ ಕೇಳುತ್ತಿರಲಿಲ್ಲ. ಕೆಂಚಪ್ಪನಿಗೆ ಈಜು ಕಲಿಸಿದವನೂ ಈ ಭಾವನೇ.

ಆ ವರ್ಷ ಯುಗಾದಿ ಕಳೆದ ಮೇಲೆ ಕೆಂಚಪ್ಪನಿಗೆ ಒಂದು ಜಾಗ ಸಿಕ್ಕಿತು. ಕೆರೆಯ ನಡುವೆ, ನೀರಿನಡಿ, ಮುಳುಗಿಹೋದ ಹಳೇ ಊರಿನ ಕಲ್ಯಾಣಿ. ಮೇಲೆ ನೀರು ಬಿಸಿಯಾದರೂ ಕಲ್ಯಾಣಿಯ ಕಲ್ಲು ತಂಪು. ದಪ್ಪ ದಪ್ಪ ಕಾಟ್ಲಾ ಮೀನು ಬಿಸಿಲೇರಿದ ಮೇಲೆ ಅಲ್ಲಿಗೇ ಬಂದು ತಣ್ಣಗೆ ನಿಲ್ಲುತ್ತಿದ್ದವು. ಬಿಸಿಲೇರಿದ ಮೇಲೆ ಬರುವ ಮೀನನ್ನು ಬೆಳಗ್ಗೆಯೇ ಎತ್ತುವ ಬಲೆಯಲ್ಲಿ ಹಿಡಿಯುವುದು ಹೇಗೆ?

ಕೆಂಚಪ್ಪ ಉಪಾಯ ಹುಡುಕಿದ. ಬಲೆಯ ತೇಲುಬುಂಡೆಗಳಿಗೆ ಕಲ್ಲು ಕಟ್ಟಿ ಅವನ್ನೂ ಮುಳುಗಿಸಿಬಿಟ್ಟ. ಮೇಲಂಚಿಗೆ ಪೋಣಿಸಿದ ಹಸಿರು ಹಗ್ಗದಲ್ಲೇ ಬಲೆಯ ಬುಡವನ್ನೂ ಕಲ್ಯಾಣಿಯ ಮೆಟ್ಟಿಲಿಗೆ ಬಿಗಿದ. ಮೇಲಿಂದ ನೋಡಿದರೆ ಬರೀ ನೀರು. ಬಲೆಯ ಮೇಲಂಚು ದೋಣಿಯ ತಳಕ್ಕಿಂತ ಎರಡು ಮೊಳ ಕೆಳಗಿದೆ, ಯಾರಿಗೇನು ತೊಂದರೆ ಎಂದು ತನಗೆ ತಾನೇ ಹೇಳಿಕೊಂಡ. ತಪ್ಪು ಮಾಡುವವನಿಗೆ ತನ್ನ ಪರವಾಗಿ ವಾದಿಸಲು ವಕೀಲ ಬೇಕಾಗುವುದಿಲ್ಲ, ಅವನೇ ಸಾಕು.

ಆಮೇಲೆ ಅವನ ತೆಪ್ಪ ತುಂಬಿಯೇ ಬರುತ್ತಿತ್ತು. ನಿನ್ನ ಮನೆಗೆ ಮೀನುಗಳೇನು ಮದುವೆಗೆ ಕರೆದ ಹಾಗೆ ಸಾಲುಗಟ್ಟಿ ಬರ್ತಾವಲ್ಲೋ ಎಂದು ನಾಗವ್ವ ತಮಾಷೆ ಮಾಡುತ್ತಿದ್ದಳು. ಹುರಿಯುವಾಗ ಗಿರಾಕಿಗಳಿಗೆಲ್ಲ ಇದು ನನ್ನ ತಮ್ಮ ಹಿಡಿದದ್ದು ಎಂದು ಹೇಳದೆ ತಟ್ಟೆ ಕೊಡುತ್ತಿರಲಿಲ್ಲ. ಕೆಂಚಪ್ಪ ತಲೆ ತಗ್ಗಿಸಿ ನಗುತ್ತಿದ್ದ. ನಾಚಿಕೆ ಎಂದುಕೊಂಡರು.

ಆದರೆ ಒಂದು ಲೆಕ್ಕ ಅವನಿಗೆ ತಪ್ಪಿತು. ಬೇಸಿಗೆಯ ಕೆರೆ ದಿನಾ ಇಳಿಯುತ್ತದೆ. ಇವತ್ತು ಒಂದು ಬೆರಳು, ನಾಳೆ ಎರಡು ಬೆರಳು. ಬಲೆ ಕಲ್ಲಿಗೆ ಬಿಗಿದದ್ದು, ಅದು ಇದ್ದಲ್ಲೇ ಇತ್ತು. ದೋಣಿಗಳು ಮಾತ್ರ ನೀರಿನ ಜೊತೆ ದಿನಾ ಕೆಳಗಿಳಿಯುತ್ತಿದ್ದವು. ಕೆರೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ತಿಳಿಯದ್ದಲ್ಲ. ತೆಪ್ಪ ತುಂಬಿ ಬರುವಾಗ ನೀರು ಅಳೆಯಲು ಯಾರಿಗೆ ಮನಸ್ಸಾಗುತ್ತದೆ?

ಒಂದು ಭಾನುವಾರ, ಮಧ್ಯಾಹ್ನ ನಾಲ್ಕರ ಹೊತ್ತು. ಇಪ್ಪತ್ತು ಜನ ತುಂಬಿಕೊಂಡ ಮೋಟಾರು ದೋಣಿ ನಡುಗೆರೆಯಲ್ಲಿ ಗಕ್ಕನೆ ನಿಂತಿತು. ಹಿಂದಿನ ಫ್ಯಾನಿಗೆ ಏನೋ ಸುತ್ತಿಕೊಂಡಿತ್ತು. ಅದೇ ಹೊತ್ತಿಗೆ ಗಾಳಿ ಎದ್ದಿತು. ಹಿಂಭಾಗ ಹಿಡಿದಿಟ್ಟ ಹಾಗಾಗಿ, ಪ್ರತಿ ಅಲೆಗೂ ನೀರು ಒಳಗೆ ಬರತೊಡಗಿತು. ಜನ ಎದ್ದು ನಿಂತರು, ದೋಣಿ ವಾಲಿತು. ಒಬ್ಬ ತಾಯಿ ಎಳೆಗೂಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಕೂಸಿನ ಅಳತೆಯ ಲೈಫ್ ಜಾಕೆಟ್ ಆ ದೋಣಿಯಲ್ಲಿರಲಿಲ್ಲ.

ಹತ್ತಿರ ಇದ್ದ ಮೀನುಗಾರರು ತೆಪ್ಪಗಳಲ್ಲಿ ಧಾವಿಸಿದರು. ಎಲ್ಲರಿಗಿಂತ ಹಿರಿಯಳಾದ ದುಗ್ಗಜ್ಜಿ ಬಂದಳು, ಮುದ್ದಯ್ಯ ಬಂದ, ಕೆಂಚಪ್ಪನೂ ಬಂದ. ದುಗ್ಗಜ್ಜಿ ಮೊದಲು ದೋಣಿಯವರನ್ನೆಲ್ಲ ಗದರಿ ಕೂರಿಸಿದಳು. ತೆಪ್ಪಕ್ಕೆ ಹತ್ತಿಸಿಕೊಳ್ಳಲು ಹೋದರೆ ಎಲ್ಲರೂ ಒಂದೇ ಕಡೆ ನುಗ್ಗಿ ದೋಣಿ ಮಗುಚುವುದು ಖಂಡಿತ. ಫ್ಯಾನು ಬಿಡಿಸುವುದೊಂದೇ ದಾರಿ. ಜೊಂಡು ಸುತ್ತಿರಬೇಕು, ಇಲ್ಲವೇ ಹಳೇ ಮರದ ಬೇರು ಸಿಕ್ಕಿರಬೇಕು ಎಂದ ದೋಣಿ ನಡೆಸುವವನು. ಮುದ್ದಯ್ಯ ಅಂಗಿ ಬಿಚ್ಚಿದ.

ದುಗ್ಗಜ್ಜಿ ತನ್ನ ತೆಪ್ಪದಲ್ಲಿ ಎದ್ದು ನಿಂತು ಕೂಗಿದಳು. "ಈ ನೀರಲ್ಲಿ ಯಾರ ಬಲೆ ಇದೆ?"

ಕೆಂಚಪ್ಪನಿಗೆ ಅದು ಕಲ್ಯಾಣಿಯ ಜಾಗ ಎಂದು ಗೊತ್ತು. ಆದರೂ, ನನ್ನ ಬಲೆ ಅಷ್ಟು ಕೆಳಗಿದೆ, ಇದು ಬೇರೇನೋ ಇರಬೇಕು ಎಂದುಕೊಂಡ. ಸುಮ್ಮನಿದ್ದ.

ದುಗ್ಗಜ್ಜಿ ಎರಡನೆಯ ಸಲ ಕೂಗಿದಳು. ಅಷ್ಟರಲ್ಲಿ ಅಲೆಗೆ ದೋಣಿಯ ಹಿಂಭಾಗ ಮೇಲೆದ್ದಿತು. ಫ್ಯಾನಿನ ಪಕ್ಕ ಒಂದು ಗೇಣು ಹಸಿರು ಹಗ್ಗ ಕಂಡು ಮುಳುಗಿತು. ಬೇರೆ ಯಾರೂ ನೋಡಲಿಲ್ಲ. ಕೆಂಚಪ್ಪ ನೋಡಿದ. ಗಂಟೂ ಅವನದೇ. ಅವನ ಬಾಯಿ ತೆರೆಯಿತು. ಮಳೆ ಬರುವವರೆಗೂ ತೆಪ್ಪವಿಲ್ಲ, ಊರೆಲ್ಲ ಉಗಿಯುತ್ತದೆ, ಅಕ್ಕ ನಾಳೆ ಗಿರಾಕಿಗಳಿಗೆ ಏನು ಹೇಳುತ್ತಾಳೆ ಎಂದು ಯೋಚಿಸಿದ. ಬಾಯಿ ಮುಚ್ಚಿತು.

ಮೂರನೆಯ ಸಲ ದುಗ್ಗಜ್ಜಿ ಕೂಗಿದಾಗ ಮುದ್ದಯ್ಯನೇ ನಕ್ಕ.

"ಬಿಡಜ್ಜೀ, ಈ ಹೊತ್ತಲ್ಲಿ ಬಲೆ ಬಿಡೋವಂಥವನು ನಮ್ಮಲ್ಲಿ ಯಾವನಿದಾನೆ?"

ಹಾಗೆಂದು ಸೊಂಟದಲ್ಲಿದ್ದ ಚೂರಿ ತೆಗೆದ. ಜೊಂಡು ಕೀಳುವುದಕ್ಕೆ ಎರಡೂ ಕೈ ಬೇಕು, ಚೂರಿ ಸೊಂಟಕ್ಕೆ ಚುಚ್ಚುತ್ತದೆ. ಪಕ್ಕದ ತೆಪ್ಪದಲ್ಲಿದ್ದ ಕೆಂಚಪ್ಪನ ಕಡೆ ಚಾಚಿದ.

"ತಗೋ ಕೆಂಚ, ಹಿಡ್ಕೊಂಡಿರು."

ಕೆಂಚಪ್ಪ ಕೈ ಚಾಚಿ ತಗೊಂಡ.

ಹೌದು ಮಕ್ಕಳೇ, ತಗೊಂಡ. ಈ ಕಥೆ ಹೇಳುವಾಗ ಪ್ರತಿ ಸಲವೂ ಇಲ್ಲಿಗೆ ಬಂದಾಗ ನಾನು ತಡೆದು ನಿಲ್ಲುತ್ತೇನೆ. ಕಳ್ಳಬಲೆ ಬಿಡುವುದು ನನಗೆ ಅರ್ಥವಾಗುತ್ತದೆ, ಆಸೆ. ಬಾಯಿ ಮುಚ್ಚಿಕೊಂಡದ್ದೂ ಅರ್ಥವಾಗುತ್ತದೆ, ಹೆದರಿಕೆ. ಆ ಚೂರಿ ತಗೊಂಡದ್ದನ್ನು ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಮುದ್ದಯ್ಯ ಮುಳುಗಿದ.

ಎಲ್ಲರೂ ಮನಸ್ಸಿನಲ್ಲೇ ಎಣಿಸಿದರು. ಅವನು ಎಷ್ಟು ಹೊತ್ತು ಇರಬಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಷ್ಟು ಹೊತ್ತಾಯಿತು. ಅದಕ್ಕಿಂತ ಹೆಚ್ಚಾಯಿತು. ದೋಣಿ ಒಂದು ಸಲ ಜೋರಾಗಿ ಅಲುಗಾಡಿತು, ಕೆಳಗೆ ಯಾರೋ ಹಿಡಿದು ಎಳೆದ ಹಾಗೆ. ಆಮೇಲೆ ಅದೂ ನಿಂತಿತು.

ಆಗ ಕೆಂಚಪ್ಪ ಚೂರಿ ಕಚ್ಚಿಕೊಂಡು ಹಾರಿದ.

ಕೆಸರು ಕದಡಿದ ನೀರು. ಒಳಗೆ ತನ್ನ ಕೈ ತನಗೇ ಕಾಣದು. ಬೇರೆ ಯಾರಾಗಿದ್ದರೂ ಬಲೆ ಎಲ್ಲಿದೆ, ಅದರ ಬಾಯಿ ಯಾವ ಕಡೆ, ಬಿಗಿದದ್ದು ಎಲ್ಲಿ ಎಂದು ತಡಕಾಡಬೇಕಿತ್ತು. ಕೆಂಚಪ್ಪ ತಡಕಾಡಲಿಲ್ಲ. ನೆಟ್ಟಗೆ ಹೋದ. ಹಸಿರು ಹಗ್ಗ ಕೊಯ್ದ, ಬಲೆ ಸೀಳಿದ, ಭಾವನ ಜುಟ್ಟು ಹಿಡಿದು ಮೇಲೆ ಬಂದ. ಹಗ್ಗದ ಹಿಡಿತ ಬಿಟ್ಟ ದೋಣಿ ಮುಂದಕ್ಕೆ ಜಾರಿ ನೆಟ್ಟಗಾಯಿತು. ಇಪ್ಪತ್ತು ಜನವೂ ಉಳಿದರು, ಕೂಸೂ ಉಳಿಯಿತು. ದೋಣಿಯವರು ಕೆಂಚಪ್ಪನಿಗೆ ಕೈ ಮುಗಿದರು. ಇಬ್ಬರು ಫೋನಿನಲ್ಲಿ ಅವನ ಫೋಟೋ ಹಿಡಿದರು.

ದುಗ್ಗಜ್ಜಿ ಕೈ ಮುಗಿಯಲಿಲ್ಲ. ಮುದ್ದಯ್ಯನನ್ನು ಬೋರಲು ಮಲಗಿಸಿ ಬೆನ್ನು ಒತ್ತಿ ನೀರು ಕಕ್ಕಿಸಿದಳು. ಅವನಿಗೆ ಉಸಿರು ಬಂದ ಮೇಲೆ, ಅವನ ಮೈಗೆ ಅಂಟಿದ್ದ ಬಲೆಯ ತುಂಡು ಬಿಡಿಸಿ ಬೆರಳಲ್ಲಿ ಹಿಡಿದು ನೋಡಿದಳು. ಕೆಂಚಪ್ಪನ ಮುಖ ನೋಡಿದಳು. ಅಷ್ಟು ಬೇಗ ಎಲ್ಲಿಗೆ ಹೋಗಬೇಕು ಅಂತ ನಿನಗೆ ಹೇಗೆ ತಿಳಿಯಿತು ಎಂದು ಮೆಲ್ಲಗೆ ಕೇಳಿದಳು. ಇದು ನಾಲ್ಕನೆಯ ಸಲದ ಪ್ರಶ್ನೆ. ಇದಕ್ಕೂ ಅವನು ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಸುತ್ತಲಿನ ತೆಪ್ಪಗಳೆಲ್ಲ ಒಂದೊಂದಾಗಿ ಅವನ ತೆಪ್ಪದಿಂದ ದೂರ ಸರಿದವು.

ದಡದಲ್ಲಿ ನಾಗವ್ವ ಓಡಿ ಬಂದಳು. ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಗಂಡನ ಬಲಗೈ ನೋಡಿದಳು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ನೈಲಾನ್ ದಾರ ಮಣಿಕಟ್ಟನ್ನು ಒಳಗಿನ ನರದವರೆಗೂ ಕೊಯ್ದಿತ್ತು. ಯಾರೋ ನಡೆದದ್ದೆಲ್ಲ ಹೇಳಿದರು. ಕೆಂಚಪ್ಪ ಅಕ್ಕನ ಕಾಲ ಬಳಿ ಕೂತ. ನಾನು ಸುಳ್ಳು ಹೇಳಲಿಲ್ಲಕ್ಕ, ಸುಮ್ಮನಿದ್ದೆ ಅಷ್ಟೇ, ಕೊನೆಗೆ ನಾನೇ ತಾನೇ ಹಾರಿ ಕಾಪಾಡಿದ್ದು ಎಂದ.

ನಾಗವ್ವ ಬೈಯಲಿಲ್ಲ. ದಿನಾ ಮಾತಿನಲ್ಲೇ ಮೀನು ಹುರಿಯುವವಳು, ಅವತ್ತು ದನಿಯೇ ಏರಲಿಲ್ಲ.

"ಕಾಪಾಡಿದೆ, ಹೌದು. ಅವನು ಚೂರಿ ಕೊಟ್ಟಾಗ ಕೈ ಚಾಚಿದೆಯಲ್ಲೋ, ಆಗ ಬಾಯಿ ಯಾಕೆ ಬರಲಿಲ್ಲ?"

ಮುದ್ದಯ್ಯ ಬದುಕಿದ. ಆದರೆ ಆ ಕೈಯ ಬೆರಳುಗಳು ಮತ್ತೆ ಮಡಚಲಿಲ್ಲ. ಹಗ್ಗ ಹಿಡಿಯಲಾರ, ಹುಟ್ಟು ಹಾಕಲಾರ. ಹೆಂಡತಿಯ ಪಕ್ಕ ಕೂತು ಎಡಗೈಯಲ್ಲಿ ಮೀನಿನ ತಟ್ಟೆಗೆ ಈರುಳ್ಳಿ ಹಾಕಿ ಕೊಡುವುದನ್ನು ಕಲಿತ. ಕೆಂಚಪ್ಪ ಮಳೆ ಬರುವವರೆಗೂ ತೆಪ್ಪ ಇಳಿಸಲಿಲ್ಲ. ಅವನು ಅಷ್ಟೊಂದು ಹೆದರಿದ್ದ ಶಿಕ್ಷೆ ಇಷ್ಟೇ, ಎರಡು ತಿಂಗಳು. ಆಮೇಲೆ ಎಲ್ಲರೂ ಅವನನ್ನು ಮತ್ತೆ ಸೇರಿಸಿಕೊಂಡರು.

ಮುಂದಿನ ಬೇಸಿಗೆ ಬಂತು. ಒಂದು ಪೆಡಲ್ ದೋಣಿ ಜೊಂಡಿಗೆ ಸಿಕ್ಕಿಕೊಂಡಿತು. ದುಗ್ಗಜ್ಜಿ ಎದ್ದು ನಿಂತು ಕೇಳಿದಳು. ಅವಳ ಮಾತು ಮುಗಿಯುವ ಮೊದಲೇ ಕೆಂಚಪ್ಪ, ನನ್ನದಿಲ್ಲ ಅಜ್ಜಿ ಎಂದ. ನಿಜವಾಗಿಯೂ ಇರಲಿಲ್ಲ. ಮೂರು ಸಲ ಕೇಳಿದಳು, ಮೂರು ಸಲವೂ ಹೇಳಿದ. ಬೇರೆ ಯಾರದೂ ಇರಲಿಲ್ಲ.

ಆದರೂ ನೀರಿಗೆ ಇಳಿಯುವವನು ಅವನ ಮುಖ ನೋಡಿದ. ಸೊಂಟಕ್ಕೆ ಹಗ್ಗ ಕಟ್ಟಿದ, ಚೂರಿ ಕಚ್ಚಿಕೊಂಡ, ಆಮೇಲೆ ಇಳಿದ.

ನೀತಿ: ಕೇಳಿದಾಗ ಬಾಯಿ ಬಿಡದವನೂ ಸುಳ್ಳು ಹೇಳಿದವನೇ. ತಪ್ಪು ಮಾಡಿದ್ದರೆ ಅದನ್ನು ಒಪ್ಪಿಕೊಳ್ಳಬೇಕಾದ್ದು ಇನ್ನೊಬ್ಬರು ನಮ್ಮನ್ನು ನಂಬಿ ನೀರಿಗೆ ಇಳಿಯುವ ಮೊದಲು, ಅವರು ಮುಳುಗಿದ ಮೇಲಲ್ಲ. ಆಮೇಲೆ ಹಾರಿ ಜೀವ ಉಳಿಸಬಹುದು, ನಂಬಿಕೆ ಉಳಿಸಲು ಆಗುವುದಿಲ್ಲ.