ಬರಿಗೈಲಿ ಬಂದ ಸೂಜಿ

ಒಂದಾನೊಂದು ಊರಿನಲ್ಲಿ, ಊರು ಇನ್ನೂ ರಾಜನ ಎಡಕ್ಕೂ ಬಲಕ್ಕೂ ಇದ್ದ ಕಾಲದಲ್ಲಿ, ಮೀಸೆರಾಯ ಅಂತ ಒಬ್ಬ ರಾಜ. ಅವನ ಬಲಮೀಸೆ ಎಡಮೀಸೆಗಿಂತ ಒಂದು ಕೂದಲು ಉದ್ದ. ಯಾರಾದರೂ ಕದ್ದಾರು ಅಂತ ಹಗಲೆಲ್ಲ ಬಲಕ್ಕೇ ತಿರುಗಿ ಅದನ್ನು ಕಾಯುತ್ತಿದ್ದ. ಕಾದೂ ಕಾದೂ ಕತ್ತಿನಲ್ಲಿ ಒಂದು ಗಂಟು ಕಟ್ಟಿತು. ಕತ್ತು ಬಲಕ್ಕೇ ನಿಂತುಬಿಟ್ಟಿತು.

ಸರಿ, ಊರೇ ಬಲಕ್ಕೆ ಬರಲಿ ಅಂತ ಅಪ್ಪಣೆಯಾಯಿತು. ಮನೆಗಳು ಬಂದವು, ಬಾವಿ ಬಂತು, ಗೊಣಗುತ್ತಾ ಗುಡ್ಡವೂ ಬಂತು. ರಾಣಿ ಹೊನ್ನಾಂಬೆ ಮಾತ್ರ ಬರಲಿಲ್ಲ. "ಹೆಂಡತಿ ಕೂರೋದು ಗಂಡನ ಎಡಕ್ಕೆ. ಜಪ್ಪಯ್ಯ ಅಂದ್ರೂ ನಾನು ಏಳಲ್ಲ," ಅಂದಳು. ಸಿಂಹಾಸನವನ್ನೇ ತಿರುಗಿಸಿದರೆ ಎಡವೂ ಜೊತೆಗೇ ತಿರುಗುತ್ತಿತ್ತು. ಪಕ್ಕದಲ್ಲೇ ಕೂತ ಹೆಂಡತಿಯ ಮುಖ ಕಾಣದೆ ರಾಜನಿಗೆ ಅನ್ನ ಸೇರದಾಯಿತು. ಅವಳ ಬಳೆ ಸದ್ದಾದರೆ ಸಾಕು, ಅಳು ಬರುತ್ತಿತ್ತು.

ವೈದ್ಯರು ಎಣ್ಣೆ ತಂದರು. ಗಂಟು ಗಟಗಟ ಕುಡಿಯಿತು. "ಇನ್ನೇನು ತಂದಿದ್ದೀರಿ?" ಅಂತು. ಲೇಪ ತಂದರು. ನೆಕ್ಕಿತು. "ಇನ್ನೇನು ತಂದಿದ್ದೀರಿ?" ಉಪ್ಪಿನ ಶಾಖ ತಂದರು. "ಉಪ್ಪು ಸ್ವಲ್ಪ ಮುಂದಾಯ್ತು," ಅಂತ ಅದನ್ನೂ ತಿಂದಿತು. ಸಾಸಿವೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಇಷ್ಟು ಉಪಚಾರ ಸಿಗುವ ಮನೆ ಬಿಟ್ಟು ಯಾರು ಹೋಗುತ್ತಾರೆ ಹೇಳಿ!

ಕೊನೆಗೆ ಫಿಸಿಯೋಥೆರಪಿ ಮಾಡುವ ನಿಂಗಾಜವ್ವ ಬಂದಳು. ಕೂದಲಿನಷ್ಟು ಸಣ್ಣ ಸೂಜಿ ತೆಗೆದಳು.

"ಅದರೊಳಗೆ ಏನು ಔಷಧಿ?" ರಾಜ ಕೇಳಿದ.

"ಏನೂ ಇಲ್ಲ ಬುದ್ಧಿ. ಒಣ ಸೂಜಿ."

"ದಾರ?"

"ಅದೂ ಇಲ್ಲ. ಕತ್ತು ಸಡಿಲ ಬಿಡಿ."

ಸೂಜಿ ನೇರ ಗಂಟಿನ ಮನೆಗೆ ಹೋಯಿತು.

"ಬಾ ಬಾ, ಏನು ತಂದೆ?" ಅಂತು ಗಂಟು.

"ಏನೂ ತಂದಿಲ್ಲ. ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ."

"ಒಂದು ಹೂವು? ಒಂದು ಬಾಳೆಹಣ್ಣು?"

"ಇಲ್ಲ."

"ಅರಸನ ಕತ್ತಿಗೆ ಯಾರಾದ್ರೂ ಬರಿಗೈಲಿ ಬರ್ತಾರಾ!" ಗಂಟು ಗಾಬರಿಬಿದ್ದು ಚಟಕ್ಕನೆ ಎಗರಿತು. ಎಗರಿದ್ದೇ ತಡ, ಹಿಡಿತ ತಪ್ಪಿತು. "ಇಂಥ ಮನೇಲಿ ನಾನಿರಲ್ಲ," ಅಂತ ಹೊರಟೇಹೋಯಿತು.

"ಅಯ್ಯಪ್ಪಾ!" ಅಂದ ರಾಜ. ಮೆಲ್ಲಗೆ ಎಡಕ್ಕೆ ತಿರುಗಿದ. ರಾಣಿ ಇವನನ್ನೇ ನೋಡುತ್ತಾ ಕೂತಿದ್ದಳು. ಇಷ್ಟು ದಿನವೂ ಇವನ ಕಡೆಗೇ ತಿರುಗಿ ಕೂತು ಕೂತು ಅವಳ ಕತ್ತೂ ಹಾಗೇ ನಿಂತುಬಿಟ್ಟಿತ್ತು.

ನಿಂಗಾಜವ್ವ ಇನ್ನೊಂದು ಸೂಜಿ ತೆಗೆದಳು.

"ನನಗೆ ಬೇಡ ಕಣವ್ವ," ಅಂದಳು ರಾಣಿ. "ನನ್ನ ಕತ್ತು ಸರಿಯಾದ ಕಡೆಗೇ ನಿಂತಿದೆ."

ರಾಜನಿಗೆ ಖುಷಿಯೋ ಖುಷಿ. ಮನೆಗೆ ಬಂದ ಹೆಂಗಸನ್ನು ಬರಿಗೈಲಿ ಕಳಿಸಬಾರದು ಅಂತ, ಬಲಮೀಸೆಯ ಆ ಒಂದು ಕೂದಲನ್ನು ಕಿತ್ತು ನಿಂಗಾಜವ್ವನ ಕೈಗಿಟ್ಟ.

ಗಂಟು ಎಲ್ಲಿಗೆ ಹೋಯಿತು ಅಂತೀರಾ? ಅದಕ್ಕೆ ಕತ್ತು ಚಾಚಿ ಕತೆ ಕೇಳುವವರೆಂದರೆ ಬಲು ಇಷ್ಟ. ಏಳಿ ಏಳಿ, ಕತ್ತು ಒಮ್ಮೆ ಆ ಕಡೆ ಈ ಕಡೆ ಆಡಿಸಿ ಮಲಗಿಕೊಳ್ಳಿ!